ಬರಿನೆಲದ ಮೇಲೆ ಹೇಳಿದ ಮಾತು

"ಅಣ್ಣಾ, ಆ ವಿಡಿಯೋ ತೆಗೆದುಬಿಡು," ಎಂದು ಅಂಜನ್ ಫೋನಿನೊಳಗಿಂದ ಹಿಂದಿಯಲ್ಲಿ ಹೇಳಿದಾಗಲೇ ಏನೋ ಕೆಟ್ಟದ್ದಾಗಿದೆ ಎಂದು ಓಬಳೇಶನಿಗೆ ಗೊತ್ತಾಯಿತು. ಗೌರಸಮುದ್ರದ ಆ ಅಣ್ಣತಮ್ಮಂದಿರು ಹುಟ್ಟಿದಾಗಿನಿಂದ ಒಬ್ಬರಿಗೊಬ್ಬರು ಹಿಂದಿ ಮಾತಾಡಿದವರೇ ಅಲ್ಲ. ವಿಡಿಯೋ ಕಾಲ್‌ನಲ್ಲಿ ತಮ್ಮನ ಪಕ್ಕ ಯಾರದೋ ಮೊಣಕೈ ಕಾಣುತ್ತಿತ್ತು. ಆ ಮನುಷ್ಯನಿಗೆ ಅರ್ಥವಾಗಬೇಕಿತ್ತು, ಅದಕ್ಕೇ ಹಿಂದಿ.

ಇಬ್ಬರೂ ಕೊಲ್ಲಿಯ ಒಂದು ದೇಶಕ್ಕೆ ಕುರಿ ಕಾಯಲು ಹೋದವರು. ಮೊಳಕಾಲ್ಮುರಿನ ದುರುಗೇಶ್ ಅಲ್ಲಿ ಅವರ ಜೊತೆಗಾರ. ಅವನೊಮ್ಮೆ ಫೋನಿನಲ್ಲಿ ಮಾತಾಡುತ್ತ ಅಲ್ಲಿನ ದೊರೆಯನ್ನು ಬೈದ. ಪೊಲೀಸರು ಎಳೆದುಕೊಂಡು ಹೋದರು. ಮೂರನೇ ದಿನ ಹೆಣ ಕೊಟ್ಟು ಹೃದಯಾಘಾತ ಅಂದರು. ಅಂಜನ್ ಕೆಲಸಕ್ಕೆ ಅಲ್ಲೇ ಉಳಿದ, ಓಬಳೇಶ ಹೆಣದ ಪೆಟ್ಟಿಗೆಯೊಂದಿಗೆ ಊರಿಗೆ ಬಂದ. ಮಣ್ಣು ಮಾಡುವ ದಿನ ಸಂಕಟ ತಡೆಯಲಾರದೆ, ದುರುಗೇಶನ ಬೆನ್ನ ತುಂಬ ಬಾಸುಂಡೆ ಇದ್ದದ್ದನ್ನು ಎಲ್ಲರೆದುರು ಹೇಳಿಬಿಟ್ಟ. ಯಾರೋ ಅದನ್ನು ವಿಡಿಯೋ ಮಾಡಿ ಹರಿಯಬಿಟ್ಟರು. ಅದನ್ನು ನೋಡಿದ ಅಲ್ಲಿನ ಪೊಲೀಸರು ಈಗ ಅಂಜನ್‌ನನ್ನು ಹಿಡಿದಿಟ್ಟಿದ್ದರು.

ನಾಯಕನಹಟ್ಟಿ ಕಡೆಯಿಂದ ಬರುವ ಅಂಚೆಯವನೇ ದಾರಿ ತಪ್ಪುವಂಥ ಮನೆ ಓಬಳೇಶನದು. ಸಮುದ್ರದಾಚೆಯ ಆ ಪೊಲೀಸರಿಗೆ ಮಾತ್ರ ಅವನ ಅವ್ವನ ಹೆಸರೂ ಗೊತ್ತಿತ್ತು.

ವಿಡಿಯೋ ತೆಗೆದರೆ ಅವರಿಗೆ ಸಾಲದು. ತಾನು ಹೇಳಿದ್ದೆಲ್ಲ ಸುಳ್ಳು, ದುರುಗೇಶನಿಗೆ ಮೊದಲೇ ಎದೆಯ ಕಾಯಿಲೆ ಇತ್ತು ಎಂದು ಓಬಳೇಶ ಹೇಳಬೇಕು. ಸತ್ತವನ ತಾಯಿ ಪಕ್ಕದಲ್ಲಿ ಕೂತು ಹೌದೆನ್ನಬೇಕು. ನಾಳೆ ಸಂಜೆಯೊಳಗೆ ಆಗದಿದ್ದರೆ ಅಂಜನ್ ಜೈಲಿನಿಂದ ಹೊರಗೆ ಬರುವುದಿಲ್ಲ.

ಮರುದಿನ ಮೊದಲ ಬಸ್ಸಿಗೇ ಓಬಳೇಶ ಮೊಳಕಾಲ್ಮುರಿಗೆ ಹೋದ. ದುರುಗೇಶನ ತಾಯಿ ಹುಚ್ಚಕ್ಕ ಅವರಿವರ ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಡುತ್ತ ಕೂತಿದ್ದಳು. ಇವನನ್ನು ಕಂಡು ಎದ್ದು ಕರಿ ಕಂಬಳಿ ಹಾಸಿದಳು.

"ಕುಂತ್ಕ ಮಗ. ಯಾಕೆ ಮುಖ ಹಿಂಗೈತೆ?"

"ಅವ್ವಾ, ನಿನ್ನ ಮಗನ ಸಾವು ಸುಳ್ಳು ಮಾಡಾಕೆ ಬಂದೀನಿ," ಎಂದವನೇ ಗಳಗಳನೆ ಅತ್ತ. ಅಳುತ್ತಲೇ ಎಲ್ಲವನ್ನೂ ಹೇಳಿದ. ತಮ್ಮನನ್ನು ಉಳಿಸಲು ಈ ಮುದುಕಿಯಿಂದ ಸುಳ್ಳು ಹೇಳಿಸಹೊರಟ ತನ್ನ ಮೇಲೇ ಅವನಿಗೆ ಅಸಹ್ಯವಾಗಿತ್ತು.

ಹುಚ್ಚಕ್ಕ ಅರ್ಧಕ್ಕೆ ಬಿಟ್ಟಿದ್ದ ನೂಲಿನ ಎಳೆಯನ್ನು ಸುತ್ತಿ ಮುಗಿಸಿದಳು.

"ನಿನ್ನ ತಮ್ಮಂಗೆ ಎಷ್ಟು ವರ್ಷ?"

"ಇಪ್ಪತ್ಮೂರು."

"ಹೇಳಾನ ಬಿಡು. ನನ್ನ ಮಗ ಹೆಂಗೂ ಎದ್ದು ಬರಲ್ಲ. ಅವನಾದ್ರೂ ಬರ್ಲಿ."

ಓಬಳೇಶ ಫೋನ್ ತೆಗೆದ. ಹುಚ್ಚಕ್ಕ ಅವನ ಕೈ ಹಿಡಿದಳು. "ಮೊದ್ಲು ಏಳು. ಕಂಬಳಿ ಮ್ಯಾಲೆ ಕುಂತು ಸುಳ್ಳು ಹೇಳಬಾರ್ದು."

ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಟ್ಟಿಯ ಪಂಚಾಯಿತಿಯಲ್ಲಿ ಕಂಬಳಿ ಹಾಸಿದರೆಂದರೆ ಎಂಥ ಪೋಕರಿಯೂ ನಿಜವನ್ನೇ ಹೇಳುತ್ತಿದ್ದ. ಭಯದಲ್ಲಿ ಅದೂ ಮರೆತುಹೋಗಿತ್ತು. ಹುಚ್ಚಕ್ಕ ಕಂಬಳಿ ಮಡಚಿ ಬದಿಗಿಟ್ಟಳು. ಇಬ್ಬರೂ ಬರಿನೆಲದ ಮೇಲೆ ಕೂತರು. ನೀರಿನ ಕೊಡಕ್ಕೆ ಫೋನ್ ಒರಗಿಸಿದರು.

ಮೊದಲ ಸಲ ಓಬಳೇಶ ಅರ್ಧಕ್ಕೇ ನಿಲ್ಲಿಸಿದ. ಎರಡನೇ ಸಲ ಹೇಗೋ ಹೇಳಿ ಮುಗಿಸಿದ. ಹುಚ್ಚಕ್ಕ ಕಣ್ಣು ಮಿಟುಕಿಸದೆ ಫೋನನ್ನೇ ನೋಡುತ್ತ, "ಹೌದು, ನನ್ನ ಮಗಂಗೆ ಎದೆ ನೋವಿತ್ತು," ಅಂದಳು. ಬೆಳೆದ ಟಗರನ್ನು ಹೆಗಲ ಮೇಲೆ ಹಾಕಿಕೊಂಡು ಓಡುತ್ತಿದ್ದ ಮಗ ಅವನು.

ಕಳಿಸಿ ಅರ್ಧ ಗಂಟೆಯಾದ ಮೇಲೆ ಅಂಜನ್‌ನಿಂದ ಉತ್ತರ ಬಂತು. ಅವರಿಗೆ ಸಾಕಂತೆ, ಬಿಡುತ್ತಾರಂತೆ. ನಂಬದೆ ಬೇರೆ ದಾರಿಯೂ ಇರಲಿಲ್ಲ.

ಓಬಳೇಶ ಅವಳ ಕಾಲು ಮುಟ್ಟಿ ಹೊರಡಲು ಎದ್ದ. ಹುಚ್ಚಕ್ಕ ಮಡಚಿಟ್ಟಿದ್ದ ಕಂಬಳಿಯನ್ನು ಮತ್ತೆ ಹಾಸಿದಳು.

"ಇದರ ಮ್ಯಾಲೆ ಕುಂತ್ಕ. ಒಂದು ಮಾತು ಕೇಳ್ತೀನಿ. ಅವರು ಹಿಡ್ಕಂಡು ಹೋದಾಗ ನನ್ನ ಮಗ ಉಂಡಿದ್ನಾ?"

ಮಣ್ಣು ಮಾಡಿದ ದಿನವೂ ಅವಳು ಇದನ್ನೇ ಕೇಳಿದ್ದಳು. ಹೊಟ್ಟೆ ತುಂಬ ಉಂಡಿದ್ದ ಅಂತ ಅವತ್ತು ನಿಂತುಕೊಂಡೇ ಹೇಳಿದ್ದ. ಈಗ ಅಂಗೈಗೆ ಕಂಬಳಿ ಚುಚ್ಚುತ್ತಿತ್ತು.

"ಇಲ್ಲ ಅವ್ವಾ. ರೊಟ್ಟಿ ಸುಡ್ತಿದ್ದ. ಆಗ್ಲೇ ಬಂದ್ರು."

ಹುಚ್ಚಕ್ಕ ತಲೆಯಾಡಿಸಿದಳು. ಆಮೇಲೆ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.