ಹಡಗಿನ ಕಂಬದಡಿ ನಿಂತವನು

ಸತ್ತವರ ಕಣ್ಣು ತೆರೆಸುವುದರಲ್ಲಿ ಶಿವಬಸಪ್ಪನದು ಎತ್ತಿದ ಕೈ. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟು ಗುರುತಿಸಿದ ಕಲ್ಲುಗಳೇ ಹೆಚ್ಚು. ಅವುಗಳ ನಡುವೆ ಅವನದೊಂದು ಫೋಟೋ ಸ್ಟುಡಿಯೋ. ನಮ್ಮ ಜನವೋ, ಬದುಕಿದ್ದಾಗ ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎನ್ನುವವರು. ಪ್ರಾಣ ಹೋದಮೇಲೆ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ಇವನ ಹತ್ತಿರ ಓಡಿಬರುತ್ತಿದ್ದರು. ಇವನು ಹೋಗಿ ಫೋಟೋ ಹಿಡಿದು, ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಬ್ರಷ್ಷಿನಲ್ಲಿ ಎರಡು ಕಣ್ಣು ಬರೆದುಕೊಡುತ್ತಿದ್ದ. ಮನೆಯವರು ‘ಥೇಟ್ ನಮ್ಮಪ್ಪ’ ಎಂದು ಗೊಳೋ ಅಳುತ್ತಿದ್ದರು. ಊರಿನ ಅಪ್ಪಂದಿರಿಗೆಲ್ಲ ಇವನು ಬರೆಯುತ್ತಿದ್ದುದು ಒಂದೇ ಜೋಡಿ ಕಣ್ಣು ಎಂಬುದು ಇವನೊಬ್ಬನಿಗೇ ಗೊತ್ತಿತ್ತು.

ಇಂಥ ಚತುರನಿಗೆ ಮಾರೇನಹಳ್ಳಿಯ ಮುನಿತಾಯಮ್ಮನಿಗೆ ಒಂದು ಮುಖ ಕೊಡಲು ಹತ್ತು ವರ್ಷದಿಂದ ಆಗಿರಲಿಲ್ಲ. ಅವಳ ಒಬ್ಬನೇ ಮಗ ದೊಡ್ಡಹನುಮಯ್ಯನ ಮುಖ ಅದು.

ಯುದ್ಧದ ಕಾಲದಲ್ಲಿ ಶಿವಬಸಪ್ಪ ನೌಕಾಪಡೆಯ ಫೋಟೋಗ್ರಾಫರ್. ನಲವತ್ತಮೂರರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿ ಮುಗಿಸಿದ ಭಾರಿ ಯುದ್ಧನೌಕೆಯೊಂದರ ಮೊದಲ ಯಾನಕ್ಕೆ ಅವನನ್ನು ಹತ್ತಿಸಿದರು. ಹೊಸ ಹಡಗನ್ನು ನೇರ ಯುದ್ಧಕ್ಕೆ ಕಳಿಸುವುದಿಲ್ಲ. ಯಂತ್ರ ಎಲ್ಲಿ ಕೈಕೊಡುತ್ತದೆ, ತೋಪು ಹಾರಿಸಿದರೆ ಯಾವ ಬೆಸುಗೆ ಬಿಡುತ್ತದೆ ಎಂದು ನೋಡಲು ವಾರಗಟ್ಟಲೆ ಸಮುದ್ರದಲ್ಲಿ ಓಡಾಡಿಸುತ್ತಾರೆ. ಅದನ್ನೆಲ್ಲ ಬಣ್ಣದಲ್ಲಿ ಹಿಡಿಯಬೇಕಿತ್ತು. ಆಗ ಬಣ್ಣದ ಫಿಲ್ಮು ಎಂದರೆ ದೊರೆಗಳಿಗೂ ದುರ್ಲಭ. ಒಂದೇ ಒಂದು ಕಟ್ಟಪ್ಪಣೆಯಿತ್ತು. ಹಡಗಿನ ಕಂಬದ ತುದಿಯಲ್ಲಿ ಕೂರಿಸಿದ, ಮಂಜಿನಲ್ಲೂ ಶತ್ರುವನ್ನು ಪತ್ತೆಹಚ್ಚುವ ಹೊಸ ಉಪಕರಣ ಯಾವ ಚಿತ್ರದಲ್ಲೂ ಬರಕೂಡದು.

ತೋಪಿನ ಕೆಲಸ ಕಲಿಯಲೆಂದು ಆ ಹಡಗಿಗೆ ಕಳಿಸಿದ್ದ ನಾಲ್ಕಾರು ಇಂಡಿಯನ್ನರಲ್ಲಿ ಹನುಮಯ್ಯ ಒಬ್ಬ. ಆ ಕೊರೆಯುವ ಚಳಿಯಲ್ಲಿ ಕನ್ನಡ ಕೇಳಿದ್ದೇ ಶಿವಬಸಪ್ಪನಿಗೆ ಜೀವ ಬಂದಂತಾಗಿತ್ತು.

“ಸಾರ್, ನಮ್ಮವ್ವಂಗೆ ಒಂದು ಪಟ ಕಳಿಸ್ಬೇಕು. ಆ ದೊಡ್ಡ ತೋಪಿನ ಪಕ್ಕ ನಿಂತ್ಕೋತೀನಿ, ತೆಗೀತೀರಾ?”

“ಅಲ್ಲಿ ಬರೀ ನೆರಳು ಕಣೋ. ಇಲ್ಲಿ ಬಾ, ಕಂಬದ ಕೆಳಗೆ. ಬಿಸಿಲು ನಿನ್ನ ಮುಖದ ಮೇಲೆ ಬೀಳಲಿ.”

ಅಪ್ಪಣೆ ನೆನಪಿರಲಿಲ್ಲವೆಂದಲ್ಲ. ನೀಲಿ ಕಾಲರಿನ ಮೇಲೆ ಆ ಕಂದು ಮುಖ, ಹಿಂದೆ ಹಸಿರುಗಪ್ಪು ಸಮುದ್ರ. ಕಣ್ಣಿಗೆ ಆಸೆ ಹತ್ತಿತು. ಕೆಳಗಿನಿಂದ ಮೇಲಕ್ಕೆ ಕ್ಯಾಮೆರಾ ಹಿಡಿದು ಒತ್ತಿದ. ಹದಿನೈದು ದಿನದ ಮೇಲೆ ತೋಪಿನ ಪರೀಕ್ಷೆ ನಡೆಯುತ್ತಿದ್ದಾಗ ದೊಡ್ಡ ಅಲೆಯೊಂದು ಡೆಕ್ಕಿನ ಮೇಲೆ ಹತ್ತಿ ಇಳಿಯಿತು. ಅದು ಇಳಿದಾಗ ಹನುಮಯ್ಯ ಅಲ್ಲಿರಲಿಲ್ಲ. ಹೆಣವೂ ಸಿಗಲಿಲ್ಲ. ಫಿಲ್ಮೆಲ್ಲ ಸರ್ಕಾರದ ಪಾಲಾಯಿತು.

ಯುದ್ಧ ಮುಗಿದು ಊರಿಗೆ ಬಂದವನೇ ಶಿವಬಸಪ್ಪ ಹೊಲದ ಬದುಗಳ ಮೇಲೆ ನಡೆದು ಮಾರೇನಹಳ್ಳಿಗೆ ಹೋದ. ಮುನಿತಾಯಮ್ಮ ಅಳಲಿಲ್ಲ. “ಮಣ್ಣು ಮಾಡಕ್ಕೂ ಸಿಗಲಿಲ್ವಲ್ಲಪ್ಪ. ಮುಖಾನೇ ಮರ್ತೋಗುತ್ತೇನೋ ಅಂತ ಭಯ ಆಗುತ್ತೆ” ಎಂದಳು. ಇವನ ಬಾಯಿ ಸುಮ್ಮನಿರಬೇಕಲ್ಲ. “ಬಣ್ಣದ ಪಟ ಇದೆ ಕಣಮ್ಮ. ತರಿಸಿಕೊಡ್ತೀನಿ” ಎಂದುಬಿಟ್ಟ. ಮಾರನೆಯ ದಿನವೇ ಅವಳು ಗೋಡೆಗೆ ಒಂದು ಮೊಳೆ ಹೊಡೆಸಿದಳು.

ಅಲ್ಲಿಂದಾಚೆ ವರ್ಷಕ್ಕೊಂದರಂತೆ ಲಂಡನ್ನಿನ ನೌಕಾಪಡೆ ಕಚೇರಿಗೆ ಕಾಗದ ಬರೆದ. ಪ್ರತಿ ಪಿತೃಪಕ್ಷದಲ್ಲೂ ಮುನಿತಾಯಮ್ಮ ಬರಿಯ ಮೊಳೆಯ ಕೆಳಗೆ ಹಿತ್ತಾಳೆ ಚೊಂಬಿಟ್ಟು, ಅದಕ್ಕೆ ಹೊಸ ಪಂಚೆ ಸುತ್ತಿ, ಮಗನಿಗೆ ಎಡೆ ಹಾಕುತ್ತಿದ್ದಳು. ಐವತ್ತೈದರ ಪಿತೃಪಕ್ಷದಲ್ಲಿ, ಅಮಾವಾಸ್ಯೆಗೆ ಒಂಬತ್ತು ದಿನ ಇರುವಾಗ, ಲಂಡನ್ನಿನಿಂದ ಲಕೋಟೆ ಬಂತು.

ಒಳಗೊಂದು ಪುಟ್ಟ ಬಣ್ಣದ ಫಿಲ್ಮು. ಶಿವಬಸಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಸಮುದ್ರ ನಿನ್ನೆ ಮೊನ್ನೆ ಕಂಡಂತೆಯೇ ಇತ್ತು. ನೀಲಿ ಕಾಲರು ಇತ್ತು. ಕಂಬಿ ಹಿಡಿದ ಎರಡು ಕೈಗಳಿದ್ದವು, ಎಡಗೈಯ ಕಿರುಬೆರಳು ಹೊರಕ್ಕೆ ಸೊಟ್ಟ. ಕುತ್ತಿಗೆಯಿಂದ ಮೇಲೆ ಕಂಬದ ತುದಿಯವರೆಗೆ ದಪ್ಪ ಕಪ್ಪು ಬಣ್ಣ ಬಳಿದಿತ್ತು. ಯುದ್ಧಕಾಲದ ಸೆನ್ಸಾರಿನವನು ಉಪಕರಣ ಮುಚ್ಚಲು ಎಳೆದ ಬ್ರಷ್ಷು, ಹನುಮಯ್ಯನ ಮುಖವನ್ನೂ ಮುಚ್ಚಿಕೊಂಡು ಹೋಗಿತ್ತು.

ತೋಪಿನ ಪಕ್ಕ ನಿಲ್ಲುತ್ತೇನೆ ಎಂದಿದ್ದ ಹುಡುಗನನ್ನು ಕರೆದು ಕಂಬದಡಿ ನಿಲ್ಲಿಸಿದವನು ಶಿವಬಸಪ್ಪನೇ.

ಬಣ್ಣದ ಕೆಳಗೆ ಮುಖ ಇದ್ದೇ ಇದೆ ಎಂದುಕೊಂಡ. ಮೂರು ದಿನ ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಹತ್ತಿಗೆ ಸ್ಪಿರಿಟ್ ಅದ್ದಿ, ಉಸಿರು ಬಿಗಿಹಿಡಿದು ಒತ್ತಿದ. ಕಪ್ಪು ಸ್ವಲ್ಪ ಕರಗಿತು. ಹಣೆಯ ಅಂಚಿನಷ್ಟು ಕಂದು ಇಣುಕಿತು. ಆ ಕಂದು ಕಂಡದ್ದೇ ತಪ್ಪಾಯಿತು. ತಾಳ್ಮೆ ಕೆಟ್ಟು ಸಣ್ಣ ಚಾಕು ತೆಗೆದುಕೊಂಡು ಕೆರೆದ. ಕಪ್ಪು ಎದ್ದುಬಂತು. ಅದಕ್ಕೆ ಅಂಟಿಕೊಂಡು ಫಿಲ್ಮಿನ ಪೊರೆಯೂ ಎದ್ದುಬಂತು. ಈಗ ಕಾಲರಿನ ಮೇಲೆ ಬರೀ ಬೆಳಕು. ಹನುಮಯ್ಯನ ಮುಖ ಚಾಕುವಿನ ತುದಿಯಲ್ಲಿ ಸಿಪ್ಪೆಯಾಗಿ ನಿಂತಿತ್ತು. ಶಿವಬಸಪ್ಪ ಹಣೆ ಚಚ್ಚಿಕೊಂಡು ಅತ್ತ.

ಆಗಲಾದರೂ ಇದ್ದದ್ದನ್ನು ಇದ್ದಂತೆ ಕೊಂಡೊಯ್ದು ಅವಳ ಮುಂದಿಟ್ಟಿದ್ದರೆ! ಮುಖವಿಲ್ಲದ ಮಗನನ್ನು ಯಾವ ತಾಯಿ ಮೊಳೆಗೆ ನೇತುಹಾಕುತ್ತಾಳೆ ಎಂದುಕೊಂಡ ಪುಣ್ಯಾತ್ಮ. ಫಿಲ್ಮಿನಿಂದ ಕಪ್ಪುಬಿಳುಪಿನ ದೊಡ್ಡ ಪ್ರಿಂಟು ಮಾಡಿ, ಕೈಗೆ ಕೈಯ ಬಣ್ಣ, ಸಮುದ್ರಕ್ಕೆ ಸಮುದ್ರದ ಬಣ್ಣ ನೋಡಿ ನೋಡಿ ತುಂಬಿದ. ಮುಖಕ್ಕೆ ಬಂದಾಗ ಬ್ರಷ್ಷು ನಿಂತಿತು. ಹುಡುಗನ ಮಾತು ನೆನಪಿತ್ತು, ನಗು ನೆನಪಿತ್ತು, ಮುಖ ನೆನಪಿರಲಿಲ್ಲ. ಚಿತ್ರ ಹೇಗೂ ಇದೆಯಲ್ಲ ಎಂದು ಹನ್ನೆರಡು ವರ್ಷ ಅದನ್ನು ನೆನೆಯುವ ಗೋಜಿಗೇ ಹೋಗಿರಲಿಲ್ಲ. ಕೊನೆಗೆ ಮುನಿತಾಯಮ್ಮನ ಮೂಗು, ಅವಳ ಗಲ್ಲ ಬರೆದ. ಕಣ್ಣಿಗೆ ಬಂದಾಗ ಕೈ ತನ್ನ ಪಾಡಿಗೆ ತಾನು ಎಂದಿನ ಆ ಜೋಡಿಯನ್ನೇ ಬರೆಯಿತು.

ಅಮಾವಾಸ್ಯೆಯ ಹಿಂದಿನ ದಿನ ಕಟ್ಟು ಹಾಕಿಸಿ ಕೊಂಡೊಯ್ದ. ಮುನಿತಾಯಮ್ಮ ಜಗುಲಿಯ ಬಿಸಿಲಿನಲ್ಲಿ ಕೂತು ಪಟವನ್ನು ತೊಡೆಯ ಮೇಲಿಟ್ಟುಕೊಂಡಳು. ಬಹಳ ಹೊತ್ತು ನೋಡಿದಳು. ಗಾಜಿನ ಮೇಲೆ ಬೆರಳಾಡಿಸಿದಳು.

“ಬಣ್ಣ ಚೆನ್ನಾಗೈತೆ. ಬಾಳ ಕಷ್ಟ ಪಟ್ಟಿದೀಯ ಕಣಪ್ಪ” ಎಂದಳು. “ನಾಳೆ ಎಡೆ ಹೊತ್ತಿಗೆ ಬಾ.”

ಅಷ್ಟಕ್ಕೇ ಶಿವಬಸಪ್ಪನಿಗೆ ಬೆನ್ನ ಮೇಲಿನ ಮೂಟೆ ಇಳಿದಂತಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಮಾರನೆಯ ಮಧ್ಯಾಹ್ನ ಹೋದಾಗ ಎಡೆ ಇಟ್ಟಾಗಿತ್ತು. ಹೊಸ್ತಿಲಲ್ಲಿ ನಿಂತು ನೋಡಿದ. ಮೊಳೆ ಬರಿದಾಗಿತ್ತು. ಅದರ ಕೆಳಗೆ ಎಂದಿನಂತೆ ಹಿತ್ತಾಳೆ ಚೊಂಬು, ಪಂಚೆ, ಬಾಡಿನ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಪಟ ಅತ್ತ ಮೂಲೆಯಲ್ಲಿ ಮಣೆಯ ಮೇಲಿತ್ತು. ಅದರ ಮುಂದೆ ಬೇರೆಯೇ ಒಂದು ಎಲೆ ಹಾಕಿ, ಪಾಯಸ ಬಾಳೆಹಣ್ಣು ಇಟ್ಟಿದ್ದಳು.

ಹಿರಿಯರು ಬಂದು ಉಣ್ಣಲಿ ಎಂದು ಮುನಿತಾಯಮ್ಮ ಬಾಗಿಲು ಮುಚ್ಚಿಕೊಂಡು ಹೊರಗೆ ಬಂದಳು. ಇವನ ಮುಖ ನೋಡಿ ಮೆಲ್ಲಗೆ ಹೇಳಿದಳು.

“ಬೇಜಾರು ಮಾಡ್ಕೋಬೇಡಪ್ಪ. ಆ ದೊರೆಗಳಿಗೆ ನಮ್ಮೋರ ಮುಖ ಎಲ್ಲಾ ಒಂದೇ. ಯಾರ್ದೋ ಪಟ ಕಳಿಸ್ಬಿಟ್ಟವ್ರೆ. ಆ ಬೆರಳು ನೋಡಿದ್ದೇ ನಂಗೆ ಜೀವ ಬಾಯಿಗೆ ಬಂದಂಗಾಯ್ತು. ನಮ್ಮ ಹನುಮಂದೂ ಹಂಗೇ ಕಣಪ್ಪ, ಚಿಕ್ಕೋನಿದ್ದಾಗ ಗಾಣಕ್ಕೆ ಸಿಕ್ಕಿ ಸೊಟ್ಟಾಗಿತ್ತು. ಆಮ್ಯಾಕೆ ಮುಖ ನೋಡ್ದೆ. ಅವ್ನು ಅವ್ರಪ್ಪನ ರೂಪು. ಇವ್ನು ಅವ್ನಲ್ಲ.”

ಶಿವಬಸಪ್ಪ ಜಗುಲಿಯ ಮೇಲೆ ಕೂತ, ಅವಳೂ ಪಕ್ಕದಲ್ಲಿ ಕೂತಳು.

“ಇವ್ನೂ ಯಾರೋ ಹೆತ್ತೋಳ ಮಗ ತಾನೇ? ಅವ್ರ ಮನೇಲಿ ಎಡೆ ಹಾಕೋರು ಇದಾರೋ ಇಲ್ವೋ. ಅದ್ಕೇ ಒಂದೆಲೆ ಹಾಕ್ದೆ. ಯಾವ ಜನವೋ, ಏನು ತಿಂತಿದ್ನೋ, ಬಾಡು ಇಡಲಿಲ್ಲ.”

ಹೇಳಬೇಕಿತ್ತು. ಆ ಕೈ ನಿನ್ನ ಮಗನದೇ ಕಣಮ್ಮ, ಮುಖ ಮಾತ್ರ ನಾನು ಬರೆದದ್ದು ಎನ್ನಬೇಕಿತ್ತು. ಹಾಗೆಂದರೆ ಅವನ ಮುಖವನ್ನು ಕೆರೆದು ಹಾಕಿದವನೂ ನಾನೇ ಎನ್ನಬೇಕಾಗಿತ್ತು. ಅಷ್ಟು ಗಂಡೆದೆ ಅವನಿಗಿರಲಿಲ್ಲ.

“ಮುಂದಿನ ವರ್ಷ ಇನ್ನೊಂದು ಕಾಗದ ಬರೀತೀಯಾ?” ಎಂದು ಮುನಿತಾಯಮ್ಮ ಕೇಳಿದಳು.

“ಬರೀತೀನಿ ಕಣಮ್ಮ” ಎಂದ.

ಅವಳು ಇನ್ನಷ್ಟು ಹೊತ್ತು ಕಾದು, ಒಳಗಿನವರ ಊಟ ಮುಗಿದಿರಬೇಕು ಎಂದುಕೊಂಡು, ಬಾಗಿಲು ತೆರೆಯಲು ಎದ್ದಳು.