ಕೊನೆಯ ಅಧ್ಯಾಯ ಮೊದಲು

ನಾನು ಒಂದು ಕಾದಂಬರಿ. ಇನ್ನೂರ ಹನ್ನೆರಡು ಪುಟ, ತೆಳು ರಟ್ಟಿನ ಹೊದಿಕೆ. ಗದಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಹುಟ್ಟಿದೆ. ನನ್ನೊಳಗಿನ ಕಥೆ ಭರಮಪ್ಪನೆಂಬ ಕಲ್ಲು ಕೊರೆಯುವವನದು. ಮೂವತ್ತನೆಯ ಪುಟದಲ್ಲಿ ಅವನಿಗೆ ಕೆಮ್ಮು ಶುರುವಾಗುತ್ತದೆ. ಆಮೇಲೆ ಏನಾಗುತ್ತದೆ ಎಂಬುದು ನನಗೆ ಹುಟ್ಟಿದ ದಿನದಿಂದಲೇ ಗೊತ್ತು. ಆದರೆ ಯಾರಾದರೂ ತೆರೆಯುವ ತನಕ ನಾನು ಮೂಕ.

ಇಳಕಲ್ಲಿನ ಒಂದು ಶಾಲೆಯ ಕಪಾಟಿನಲ್ಲಿ ನಾಲ್ಕು ವರ್ಷ ಹಾಗೇ ಬಿದ್ದಿದ್ದೆ. ದಸರಾ ರಜೆಗೆ ಒಂದು ದಿನ ಮೊದಲು ಕನ್ನಡ ಕಲಿಸುವ ನೀಲಾಂಬಿಕಾ ನನ್ನನ್ನು ಕೈಗೆತ್ತಿಕೊಂಡಳು. ರಜೆಯಲ್ಲಿ ಒಂದೊಂದು ಕಾದಂಬರಿ ಓದಿ ಅನಿಸಿಕೆ ಬರೆದು ತರಬೇಕೆಂದು ಶಿಕ್ಷಕಿಯರೆಲ್ಲ ಮಾತಾಡಿಕೊಂಡಿದ್ದರು.

ಗಂಡ ಅಂದಾನಪ್ಪನನ್ನೂ ಕರೆದುಕೊಂಡು ಆಕೆ ಕಾರವಾರದ ಅಕ್ಕನ ಮನೆಗೆ ಹೊರಟಳು. ಅವನು ಹತ್ತೊಂಬತ್ತು ವರ್ಷದಿಂದ ಗ್ರಾನೈಟ್ ಕೊರೆಯುವ ಶೆಡ್ಡಿನಲ್ಲಿದ್ದವನು. ಸಮುದ್ರ ನೋಡುತ್ತಿದ್ದದ್ದು ಇದೇ ಮೊದಲು.

ಮಧ್ಯಾಹ್ನ ಇಬ್ಬರೂ ಗಾಳಿಮರದ ನೆರಳಿಗೆ ಬಂದು ಕೂರುತ್ತಿದ್ದರು. ಆಕೆ ಗಟ್ಟಿಯಾಗಿ ಓದುತ್ತಿದ್ದಳು, ಅವನು ಅಲೆ ನೋಡುತ್ತ ಕೇಳುತ್ತಿದ್ದ. ಅನಿಸಿದ್ದನ್ನು ಆಕೆ ಪೆನ್ಸಿಲಿನಲ್ಲಿ ನನ್ನ ಅಂಚಿಗೇ ಬರೆಯುತ್ತಿದ್ದಳು. ಹನ್ನೆರಡನೆಯ ಪುಟದಲ್ಲಿ: ‘ಮಾತು ನಮ್ಮ ಕಡೆಯದು, ಕಿವಿಗೆ ಹಿತ.’ ನಲವತ್ತೊಂದರಲ್ಲಿ: ‘ಕೆಮ್ಮಿನ ವಿವರ ಅತಿಯಾಯಿತು. ಲೇಖಕರು ಕಥೆ ಎಳೆಯುತ್ತಿದ್ದಾರೆ.’

ಇದನ್ನು ಬರೆಯುವಾಗ ಅಂದಾನಪ್ಪ ಆಚೆ ತಿರುಗಿ ಕೆಮ್ಮಿದ. ಆಕೆ ತಲೆ ಎತ್ತಲಿಲ್ಲ. ನಾನು ಕೇಳಿಸಿಕೊಂಡೆ.

ಐದನೆಯ ದಿನ ಬೆಳಿಗ್ಗೆ ಗುಡ್ಡದ ಮೇಲಿಂದ ಸಮುದ್ರ ನೋಡಲು ಹೋದರು. ಹನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅಂದಾನಪ್ಪ ಕೂತುಬಿಟ್ಟ.

“ಏನಾತ್ರೀ?”

“ಏನಿಲ್ಲ. ಹವಾ ಬದಲಾಗೇತಿ, ಅದಕ್ಕ.”

ಆ ಮಧ್ಯಾಹ್ನ ಆಕೆ ನನ್ನ ಅರವತ್ಮೂರನೆಯ ಪುಟಕ್ಕೆ ಬಂದಳು. ಅಲ್ಲಿ ಭರಮಪ್ಪ ಬಾವಿಕಟ್ಟೆಯ ಮೇಲೆ ಕುಸಿದು ಕೂತು ಹೆಂಡತಿಗೆ ಅದನ್ನೇ ಹೇಳುತ್ತಾನೆ. ಹವಾ ಬದಲಾಗೇತಿ, ಅದಕ್ಕ. ಆಕೆಯ ದನಿ ನಿಂತಿತು. ಪೆನ್ಸಿಲಿನ ಮೊನೆ ಅಂಚಿನ ಮೇಲೆ ಕೂತಿತು, ಏನೂ ಬರೆಯಲಿಲ್ಲ. ಆಮೇಲೆ ಅವಸರದಿಂದ ನನ್ನ ಕೊನೆಯ ಅಧ್ಯಾಯ ತೆರೆದಳು.

“ಯಾಕ ನಿಲ್ಲಿಸಿದಿ? ಓದು.”

“ಕಣ್ಣು ಉರಿಯಾಕತ್ತಾವ್ರೀ.”

“ಹಂಗಾರ ಬಾಯಿಲೆ ಹೇಳು. ಅಂವ ಆರಾಮ ಅಕ್ಕಾನೋ ಇಲ್ಲೋ?”

ಆಕೆಯ ಬೆರಳು ಇನ್ನೂರ ಒಂಬತ್ತನೆಯ ಪುಟದ ಮೇಲಿತ್ತು. ಆ ಪುಟದಲ್ಲಿ ಭರಮಪ್ಪನ ಹೆಂಡತಿ, ಇನ್ನು ಯಾರೂ ತೊಡದ ಅವನ ಅಂಗಿಯನ್ನು ಒಗೆಯುತ್ತಿರುತ್ತಾಳೆ.

“ಅಕ್ಕಾನ್ರೀ,” ಎಂದಳು. “ಕಲ್ಲಿನ ಕೆಲಸ ಬಿಟ್ಟು ಕಾಯಿಪಲ್ಲೆ ಬೆಳೀತಾನ. ಮಗಳ ಲಗ್ನದಾಗ ಇಡೀ ಓಣಿಗೆ ಹುಗ್ಗಿ ಉಣಸ್ತಾನ.”

ಅಂದಾನಪ್ಪ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತಿನ ತನಕ ನಿಲ್ಲಲೇ ಇಲ್ಲ.

ಮರುದಿನವೇ ಹೊರಟರು. ಊರಿಗೆ ಹೋಗದೆ ಆಕೆ ಅವನನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನು ಅವಳ ಚೀಲದಲ್ಲಿದ್ದೆ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಷ್ಟು ವರ್ಷದಿಂದ ಕಲ್ಲಿನ ಕೆಲಸ ಎಂದು ಕೇಳಿದರು. ಆಮೇಲೆ ಮೆಲ್ಲಗೆ, “ಎದಿಯೊಳಗ ಧೂಳು ಕೂತೈತಿ. ಕೂತಿದ್ದನ್ನ ತೆಗಿಯಾಕ ಬರೂದಿಲ್ಲ. ಇನ್ನ ಮ್ಯಾಲೆ ಆ ಕಡೆ ಹೋಗಬ್ಯಾಡ್ರಿ,” ಎಂದರು.

ಮನೆಗೆ ಬಂದ ಮೇಲೆ ಆಕೆ ನನ್ನನ್ನು ಟ್ರಂಕಿನಲ್ಲಿ, ಹಳೆಯ ಸೀರೆಗಳ ಅಡಿಯಲ್ಲಿ ಮುಚ್ಚಿಟ್ಟಳು. ಚಳಿಗೆ ಕೌದಿ ಹುಡುಕುತ್ತಿದ್ದ ಅಂದಾನಪ್ಪನ ಕೈಗೆ ಒಂದು ದಿನ ನಾನು ಸಿಕ್ಕೆ. ಏಳನೆಯ ತರಗತಿ ಓದಿದವನು. ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಆಕೆ ಶಾಲೆಗೆ ಹೋದ ಮೇಲೆ, ದಿನಕ್ಕಿಷ್ಟು. ಕೊನೆಯ ಅಧ್ಯಾಯವನ್ನು ಎರಡು ಸಲ ಓದಿದ.

ಸಂಜೆ ಆಕೆ ಒಳಗೆ ಬಂದಾಗ ನಾನು ಅವನ ತೊಡೆಯ ಮೇಲಿದ್ದೆ.

“ನೀ ಹೇಳಿದ ಕಥಿ ಇದರಾಗ ಇಲ್ಲಲ್ಲ, ನೀಲಾ.”

ಆಕೆ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು.

“ಇರಲಿ,” ಎಂದ ಅವನು. “ನಿಂದ ಛಲೋ ಇತ್ತು.” ಸ್ವಲ್ಪ ಸರಿದು ಅವಳಿಗೆ ಕೂರಲು ಜಾಗ ಮಾಡಿದ.

ಮರುದಿನ ಅವನು ನನ್ನನ್ನು ಹಿಡಿದು ಶೆಡ್ಡಿಗೆ ನಡೆದ. ಅಷ್ಟು ದಾರಿಗೆ ಮೂರು ಕಡೆ ಕೂತ. ಜೊತೆಗೆ ದುಡಿದಿದ್ದ ಮಹಿಬೂಬ್ ಯಂತ್ರ ನಿಲ್ಲಿಸಿ ಹೊರಗೆ ಬಂದ.

“ಕೊನೀ ಅಧ್ಯಾಯ ಮೊದಲ ಓದು,” ಎಂದು ಅಂದಾನಪ್ಪ ನನ್ನನ್ನು ಅವನ ಕೈಗಿಟ್ಟ. “ಮಿಕ್ಕಿದ್ದು ಆಮ್ಯಾಲೆ.”

ಅಂದಾನಪ್ಪ ಹದಿನಾಲ್ಕು ತಿಂಗಳು ಬದುಕಿದ. ನಾನು ಶಾಲೆಗೆ ಮರಳಲಿಲ್ಲ. ಶೆಡ್ಡಿನಲ್ಲಿ ನೀರಿನ ಡ್ರಮ್ಮಿನ ಮೇಲಿನ ಹಲಗೆಯೇ ಈಗ ನನ್ನ ಮನೆ. ಹನ್ನೊಂದು ಜನ ಓದಿದ್ದಾರೆ. ಮೂವರು ಕೆಲಸ ಬಿಟ್ಟರು. ಬೇರೆ ಕೆಲಸ ಸಿಗದವರು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮತ್ತೆ ಯಂತ್ರ ಹಚ್ಚಿದರು. ನನ್ನ ಹೊಲಿಗೆ ಬಿಚ್ಚಿದೆ, ಪುಟಗಳ ಸಂದಿಯಲ್ಲಿ ಕೆಂಪು ಧೂಳು ತುಂಬಿದೆ.

ಇಷ್ಟು ವರ್ಷಗಳಲ್ಲಿ ಒಂದು ವಿದ್ಯೆ ಕಲಿತಿದ್ದೇನೆ. ಯಾರಾದರೂ ನನ್ನನ್ನು ಓದುವಾಗ ಅವರ ಉಸಿರಿಗೆ ಕಿವಿಗೊಡುತ್ತೇನೆ. ಅವರಿಗಿಂತ ಮೊದಲು ನನಗೆ ತಿಳಿಯುತ್ತದೆ.

ಮೊನ್ನೆ ಮಹಿಬೂಬ್ ನನ್ನನ್ನು ಮತ್ತೊಮ್ಮೆ ಕೈಗೆತ್ತಿಕೊಂಡ. ಗೆಳೆಯರಿಗೆ ಕೇಳುವಂತೆ ಓದಿದ. ಒಂದು ಸಾಲು ಮುಗಿಸಲು ಎರಡು ಸಲ ನಿಂತ.

ಅಕ್ಷರ ಅವನಿಗೆ ಚೆನ್ನಾಗಿಯೇ ಬರುತ್ತದೆ.