ಯಜ್ಞನಾರಾಯಣರು ಮಡಚದ ಮುಂಡು

1
ಎಲ್ಲಿಂದ ಶುರು ಮಾಡುವುದು ಮಾರಾಯ್ರೆ? ಕಾಲಿನಿಂದ ಅಂದರೆ ಯಜ್ಞನಾರಾಯಣರಿಗೆ ಸಿಟ್ಟು. "ನನಗೆ ಮುಖ ಉಂಟು, ವಿದ್ಯೆ ಉಂಟು, ತುಂಬ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಉದ್ಯೋಗ ಉಂಟು. ನಿಮಗೆ ಕಾಲೇ ಆಗಬೇಕಾ?" ಎಂದು ಮೊದಲ ಡ್ರಾಫ್ಟಿನಲ್ಲೇ ಕೂಗಾಡಿದರು. ಹರಿದು ಹಾಕಿದೆ. ಎರಡನೆಯದರಲ್ಲಿ ರಾಕೆಟ್ ಹಾರಿಸಿದೆ. ಕಥೆ ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ. ಹಾಗಾಗಿ ಕಾಲು.

2
ಇಸವಿ 1994, ಊರು ತಿರುವನಂತಪುರ. ಪುತ್ತೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಇವರ ಎಡಗಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ವೆರಿಕೋಸ್ ವೇನ್. ಹರಡಿನ ಹತ್ತಿರ ಚರ್ಮ ಕಪ್ಪಾಗಿ ಒಂದು ಹುಣ್ಣು ಬಾಯಿಬಿಟ್ಟಿದೆ.

ಈ ಊರಿನ ಗಂಡಸರು ಮುಂಡನ್ನು (ನಮ್ಮ ಪಂಚೆಯೇ) ಮೊಣಕಾಲಿಗೆ ಮಡಚಿ ಕಟ್ಟಿ ನಡೆಯುತ್ತಾರೆ. ಹಿರಿಯರು ಎದುರಾದರೆ ಗೌರವಕ್ಕೆ ಕೆಳಗಿಳಿಸುತ್ತಾರೆ. ಯಜ್ಞನಾರಾಯಣರು ಮಡಚುವುದೇ ಇಲ್ಲ. ಮೀನಿನವಳು ಬರಲಿ, ಪೋಸ್ಟ್‌ಮ್ಯಾನ್ ಬರಲಿ, ಮುಂಡು ಪಾದದವರೆಗೆ. "ಎಂತೊರು ವಿನಯಂ!" ಎಂದು ಇಡೀ ಕಾಲೊನಿ ಕರಗಿಹೋಯಿತು. ಆ ವಿನಯಕ್ಕೇ ಅವರನ್ನು ಅಸೋಸಿಯೇಷನ್ನಿನ ಅಧ್ಯಕ್ಷರನ್ನಾಗಿ ಮಾಡಿದರು. (ನೋಯುವ ಕಾಲಿಗೆ ಒಂದು ಕುರ್ಚಿಯಾದರೂ ಸಿಕ್ಕಿತು.) ಇನ್ನು ಆ ಕಾಲನ್ನು ಯಾರಿಗೆ ತೋರಿಸುವುದು? ಗುಟ್ಟು ರಟ್ಟಾದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ?

3
ಗುರುತಿನವರ ಕಣ್ಣು ತಪ್ಪಿಸಲು ರೈಲು ಹತ್ತಿ ಕೊಚ್ಚಿಗೆ ಬಂದರು. ವೈಟ್ಟಿಲದ ಹತ್ತಿರ ಒಂದು ಆಸ್ಪತ್ರೆ. ಡಾಕ್ಟರ್ ಮೇರಿ ಇವರನ್ನು ನಿಲ್ಲಿಸಿ, ಮಲಗಿಸಿ, ಕಾಲು ಒತ್ತಿ ನೋಡಿದರು.

"ನರದೊಳಗಿನ ವಾಲ್ವ್ ಸೋರುತ್ತಿದೆ ಸಾರ್. ಮೇಲೆ ಹೋಗಬೇಕಾದ ರಕ್ತ ಕೆಳಗೆ ಬಂದು ನಿಲ್ಲುತ್ತದೆ. ಬಿಗಿ ಸ್ಟಾಕಿಂಗ್ಸ್ ಹಾಕಿದರೆ ಊತ ಇಳಿಯುತ್ತದೆ, ವಾಲ್ವ್ ಸರಿಯಾಗುವುದಿಲ್ಲ. ಇಂಜೆಕ್ಷನ್ ಕೊಟ್ಟು ನರ ಮುಚ್ಚಿಸಬಹುದು, ಆದರೆ ಇಷ್ಟು ದಪ್ಪದ್ದಕ್ಕೆ ಅದು ಸಾಲದು. ಆಪರೇಷನ್ನೇ ಒಳ್ಳೆಯದು. ತೊಡೆಸಂದಿಯಲ್ಲಿ ನರವನ್ನು ಕಟ್ಟಿ, ಕೆಟ್ಟ ಭಾಗವನ್ನು ತಂತಿಯಿಂದ ಎಳೆದು ತೆಗೆಯುವುದು."

"ಎಳೆದು?" ಯಜ್ಞನಾರಾಯಣರ ಜೀವ ಬಾಯಿಗೆ ಬಂತು. ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿದರು.

4
"ನಿಮ್ಮ ಕಾಲದಲ್ಲಿ ಇದಕ್ಕೆ ಲೇಸರ್ ಉಂಟಂತಲ್ಲ?"

"ಉಂಟು. ಸೂಜಿಯಷ್ಟು ತೂತು, ನರದೊಳಗೇ ಬಿಸಿ ಕೊಟ್ಟು ಮುಚ್ಚುತ್ತಾರೆ, ಸಂಜೆಗೆ ಮನೆ. ಆದರೆ ಇದು 1994."

"ಇಸವಿ ತಿದ್ದಿ ಮಾರಾಯ್ರೆ, ನಾಲ್ಕು ಅಂಕಿ ತಾನೆ!"

ನಾನೂ ಮೆತ್ತಗಿನ ಮನುಷ್ಯ. 2006 ಎಂದು ಬರೆದೇಬಿಟ್ಟೆ. ಯಜ್ಞನಾರಾಯಣರು ಉಸಿರುಬಿಟ್ಟರು. ಆಗ ಎದ್ದು ನಿಂತವರು ಅವರ ಹೆಂಡತಿ ಅನಸೂಯಾ. (ಅವರನ್ನು ಒಂದು ಮಾತೂ ಕೊಡದೆ ಮೂಲೆಯಲ್ಲಿ ಕೂರಿಸಿದ್ದೆ. ನನ್ನ ಹಳೇ ಚಾಳಿ.)

"ಹೌದಾ? ನಡುವಿನ ಹನ್ನೆರಡು ವರ್ಷ ಆ ಹುಣ್ಣು ತೊಳೆಯುವುದು ಯಾರು? ನೀವಾ?"

ನನ್ನನ್ನು ಅಲ್ಲಿಗೇ ಬಿಟ್ಟು ಅವರು ಗಂಡನಿಗೆ ಹೇಳಿದರು: "ಮುಂಡಿನೊಳಗಿದ್ದರೆ ಯಾರಿಗೂ ಕಾಣುವುದಿಲ್ಲ ಅಂತ ನೀವು. ನನಗೆ ದಿನಾ ಕಾಣ್ತದೆ. ಮೊನ್ನೆ ನರ ಒಡೆದು ಬಚ್ಚಲೆಲ್ಲ ರಕ್ತವಾದಾಗ ಒತ್ತಿ ಹಿಡಿದದ್ದು ನಾನು. ನನಗೆ ಹೆದರಿಕೆ ಆಗ್ತದೆ ನೋಡಿ."

ಮದುವೆಯಾದಂದಿನಿಂದ ಆ ಬಾಯಲ್ಲಿ ಹೆದರಿಕೆಯ ಮಾತು ಯಜ್ಞನಾರಾಯಣರು ಕೇಳಿದವರಲ್ಲ. ಅವರಿಗೆ ತಮ್ಮ ಮೇಲೇ ನಾಚಿಕೆಯಾಯಿತು. "ಇಸವಿ ಮೊದಲಿನ ಹಾಗೇ ಇರಲಿ, ಆಪರೇಷನ್ನೇ ಆಗಲಿ," ಎಂದು ನನಗೆ ಮೆಲ್ಲಗೆ ಹೇಳಿದರು. ತಿದ್ದಿದೆ.

5
ಅಂತ್ಯ ಒಂದು: ಎಲ್ಲ ಸುಸೂತ್ರ. ಹುಣ್ಣು ಮಾಯುತ್ತದೆ, ಬೆಳಿಗ್ಗೆ ಇಬ್ಬರೂ ವಾಕಿಂಗ್ ಹೋಗುತ್ತಾರೆ.

ಅಂತ್ಯ ಎರಡು: ಆಪರೇಷನ್ ಥಿಯೇಟರಿನಿಂದ ಎದ್ದೋಡಿ ಕಳಮಶ್ಶೇರಿಯಲ್ಲಿ ಸಿಕ್ಕಿಬೀಳುತ್ತಾರೆ. (ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದವರು ಓಡುವುದು ಹೇಗೆ? ರದ್ದು.)

ಮೂರನೆಯದನ್ನು ಕಣ್ಣಾರೆ ಕಂಡು ಬರೆಯೋಣವೆಂದು ಸ್ಟ್ರೆಚರಿನ ಹಿಂದೆ ನುಸುಳಿದೆ. "ಕಥೆಗಾರರು ಹೊರಗೆ," ಎಂದು ಡಾಕ್ಟರ್ ಮೇರಿ ಬಾಗಿಲು ಹಾಕಿದರು.

ಬೆಂಚಿನಲ್ಲಿ ಅನಸೂಯಾ ಇದ್ದರು. "ಮುಂದೆ ಎಂತಾಗ್ತದೆ, ನಿಮಗೆ ಗೊತ್ತುಂಟಾ?"

"ಅಂತ್ಯ ಒಂದು" ಎಂಬ ಹಾಳೆ ಕೊಟ್ಟೆ. ಓದಿದರು. ಇನ್ನೊಮ್ಮೆ ಓದಿದರು. ಕಣ್ಣು ತುಂಬಿಬಂತು.

"ಚಂದ ಉಂಟು. ಆದರೆ ನೀವು ಬರೆದದ್ದು ನನಗೆ ಬೇಡ. ಅವರೇ ಹೊರಗೆ ಬಂದು ಹೇಳಲಿ," ಎಂದು ನನ್ನ ಪೆನ್ನು ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು.

ಹಾಗಾಗಿ ಒಳಗೆ ಏನಾಗುತ್ತಿದೆಯೋ ನನಗೂ ಗೊತ್ತಿಲ್ಲ. ನೀವೂ ಬನ್ನಿ, ಕೂತುಕೊಳ್ಳಿ, ಬೆಂಚಿನಲ್ಲಿ ಜಾಗ ಉಂಟು.